ಸಗಟು ದರದಲ್ಲಿ ವಿಡಿಯೋ ಗೇಮ್: ವಿತರಕರು, ಎಸ್.ಪಿ. ರಸ್ತೆ, ಆಮದು ಸರಕು ಮತ್ತು ಹಳೆಯ ಡಿಸ್ಕುಗಳ ವಿಮರ್ಶೆ

ತುಮಕೂರಿನಲ್ಲಿ ಗೇಮ್ ಡಿಸ್ಕುಗಳನ್ನು ಮಾರುವ, ಜೊತೆಗೆ ಕೆಲವು ಟಿವಿಗಳನ್ನು ಇಟ್ಟು ಗಂಟೆಯ ಲೆಕ್ಕದಲ್ಲಿ ಆಡಲು ಅವಕಾಶ ಕೊಡುವ ನಮ್ಮ ಕುಟುಂಬದ ಸಣ್ಣ ಅಂಗಡಿಗೆ ಸರಕು ತರುವ ಹೊಣೆ ಕೆಲವು ವರ್ಷಗಳಿಂದ ನನ್ನದಾಗಿದೆ. ಅಧಿಕೃತ ವಿತರಕರು, ಬೆಂಗಳೂರಿನ ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಹೊರದೇಶದಿಂದ ಬಂದ ಸರಕು, ಹಳೆಯ ಡಿಸ್ಕುಗಳ ಲಾಟು, ಹೀಗೆ ಸಗಟು ದರ ಸಿಗುತ್ತದೆ ಎಂದು ಹೇಳಲಾಗುವ ಬಹುತೇಕ ಎಲ್ಲ ಕಡೆಯೂ ವಿಚಾರಿಸಿದ್ದೇನೆ, ಹಲವು ಕಡೆ ವ್ಯವಹರಿಸಿದ್ದೇನೆ. ತಮ್ಮ ಮನೆಗಾಗಿ ಒಂದು ಕನ್ಸೋಲ್, ಅಂದರೆ ಟಿವಿಗೆ ಜೋಡಿಸುವ ಗೇಮ್ ಯಂತ್ರ, ಕೊಳ್ಳುವವರೂ, ಹೊಸದಾಗಿ ಅಂಗಡಿ ತೆರೆಯಬೇಕೆಂದಿರುವವರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಹೋಲ್‌ಸೇಲ್ ರೇಟಿಗೆ ಎಲ್ಲಿ ಸಿಗುತ್ತದೆ? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೀಲ್ ಒಡೆಯದ ಹೊಸ ಸರಕಿನಲ್ಲಿ ಒಬ್ಬ ವ್ಯಕ್ತಿಗೆ ಸಗಟು ದರ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸಣ್ಣ ಅಂಗಡಿಗೆ ಅದು ಇದೆ, ಆದರೆ ಜನ ಹುಡುಕುವ ಕನ್ಸೋಲಿಗಿಂತ ಬಿಡಿ ಸಾಮಾನುಗಳಲ್ಲಿ ಮತ್ತು ಬಳಸಿದ ಡಿಸ್ಕುಗಳಲ್ಲಿ ಹೆಚ್ಚಾಗಿದೆ. ಎಲ್ಲಿ ಕೊಂಡರೂ ಆ ದರಕ್ಕೆ ಅರ್ಥ ಬರುವುದು ಪಕ್ಕಾ ಬಿಲ್ ಕೈಗೆ ಬಂದಾಗಲೇ.

ಕನ್ಸೋಲಿನ ವಿಷಯದಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಹೆಚ್ಚಿನ ನಿರೀಕ್ಷೆಯೂ ಹೆಚ್ಚಿನ ನಿರಾಸೆಯೂ ಅಲ್ಲಿಯೇ ಇದೆ. ಕನ್ಸೋಲನ್ನು ತಯಾರಕರೇ ತೆಳುವಾದ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಆಮೇಲೆ ಗೇಮ್‌ಗಳಿಂದಲೂ ಚಂದಾದಿಂದಲೂ ಗಳಿಸುತ್ತಾರೆ. ಮೂಲದಲ್ಲಿಯೇ ಲಾಭ ತೆಳುವಾಗಿರುವಾಗ ವಿತರಕರಿಗೂ ಅಂಗಡಿಯವರಿಗೂ ಹಂಚಿ ಬರುವುದು ಅಲ್ಪವೇ. ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, ಡಿಸ್ಕ್ ಡ್ರೈವ್ ಇರುವ ಮಾದರಿಗೆ 49,990 ರೂಪಾಯಿ ಬೆಲೆಯಲ್ಲಿ. 2022ರ ನವೆಂಬರಿನಲ್ಲಿ ಅದು 54,990ಕ್ಕೆ ಏರಿತು. 2023ರ ಜುಲೈ ಕೊನೆಯಲ್ಲಿ ಸೋನಿ ಕಂಪನಿಯೇ 7,500 ರೂಪಾಯಿಯ ರಿಯಾಯಿತಿ ಘೋಷಿಸಿದಾಗ ಅದೇ ಯಂತ್ರ ಯಾವ ಗ್ರಾಹಕರಿಗಾದರೂ 47,490ಕ್ಕೆ ಸಿಕ್ಕಿತು. ಅಂತಹ ದರವನ್ನು ಸಾಮಾನ್ಯ ದಿನಗಳಲ್ಲಿ ಯಾವ ಸಗಟು ವ್ಯಾಪಾರಿಯೂ ನಮಗೆ ಕೊಟ್ಟಿಲ್ಲ. ದಸರಾ, ದೀಪಾವಳಿಯ ಆನ್‌ಲೈನ್ ಮಾರಾಟಗಳಲ್ಲಿ ಬ್ಯಾಂಕ್ ಕಾರ್ಡಿನ ರಿಯಾಯಿತಿಯೂ ಸೇರಿದರೆ ಗ್ರಾಹಕರು ಕೊಡುವ ಹಣ ನಮ್ಮ ಖರೀದಿ ದರಕ್ಕಿಂತ ಕೆಳಗೆ ಇಳಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮನೆಗೆ ಒಂದು ಕನ್ಸೋಲ್ ಬೇಕಾದವರು ಸಗಟು ಅಂಗಡಿಗಳನ್ನು ಸುತ್ತುವ ಬದಲು ಇಂತಹ ರಿಯಾಯಿತಿಗೆ ಕಾಯುವುದೇ ಲೇಸು.

ಹೊಸ ಡಿಸ್ಕುಗಳಲ್ಲಿ ಸ್ಥಿತಿ ಸ್ವಲ್ಪ ಉತ್ತಮವಾಗಿದೆ. ಸೋನಿಯ ಸ್ವಂತ ಪಿಎಸ್5 ಗೇಮ್‌ಗಳಿಗೆ ಇಲ್ಲಿ 4,999 ರೂಪಾಯಿ ಮುದ್ರಿತ ಬೆಲೆ ರೂಢಿಯಾಯಿತು, ಅದರಲ್ಲಿ ಅಂಗಡಿಗೆ ಉಳಿಯುವುದು ಕೆಲವು ನೂರು ರೂಪಾಯಿ. ಚಾರ್ಜಿಂಗ್ ಡಾಕ್, ಕಂಟ್ರೋಲರಿನ ಸಿಲಿಕಾನ್ ಕವರ್, ಸ್ಟಿಕ್ಕಿನ ಮೇಲೆ ಹಾಕುವ ರಬ್ಬರ್ ಟೋಪಿ, ಎಚ್‌ಡಿಎಂಐ ಕೇಬಲ್ ಮುಂತಾದ ಬಿಡಿ ಸಾಮಾನುಗಳಲ್ಲಿ ಮಾತ್ರ ಸಗಟು ದರಕ್ಕೂ ಚಿಲ್ಲರೆ ದರಕ್ಕೂ ನಡುವೆ ದೊಡ್ಡ ಅಂತರವಿದೆ. ಡಜನ್ ಲೆಕ್ಕದಲ್ಲಿ ತಂದರೆ ಅರ್ಧದಷ್ಟು ಬೆಲೆಗೂ ಸಿಗುತ್ತವೆ. ನಮ್ಮಂತಹ ಅಂಗಡಿಯ ಬಾಡಿಗೆ ಹುಟ್ಟುವುದು ಬಹುಮಟ್ಟಿಗೆ ಇವುಗಳಿಂದಲೇ.

ಅಧಿಕೃತ ವಿತರಕರ ಸೇವೆಯನ್ನು ನಾನು ಹೆಚ್ಚು ಗೌರವದಿಂದ ಕಾಣುತ್ತೇನೆ. ಮುಂಬೈಯ ಇ-ಎಕ್ಸ್‌ಪ್ರೆಸ್ ಇಂಟರ್‌ಯಾಕ್ಟಿವ್‌ನಂತಹ ವಿತರಕರು ವಿದೇಶಿ ಪ್ರಕಾಶಕರ ಗೇಮ್‌ಗಳನ್ನು ಭಾರತದ ಅಂಗಡಿಗಳಿಗೆ ತಲುಪಿಸುತ್ತ ಬಂದಿದ್ದಾರೆ, ಅವರ ಕೆಳಗೆ ಆಯಾ ಪ್ರದೇಶದ ಉಪವಿತರಕರಿರುತ್ತಾರೆ. ನಮ್ಮ ಗಾತ್ರದ ಅಂಗಡಿಗೆ ಸಾಮಾನ್ಯವಾಗಿ ಸಿಗುವುದು ಈ ಉಪವಿತರಕರೇ. ಖಾತೆ ತೆರೆಯಲು ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ರದ್ದು ಮಾಡಿದ ಚೆಕ್ಕು ಮತ್ತು ಅಂಗಡಿ ನಿಜವಾಗಿಯೂ ಇದೆ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಮೊದಲ ಕೆಲವು ಖರೀದಿಗಳಿಗೆ ಪೂರ್ತಿ ಹಣ ಮುಂಗಡವಾಗಿ ಕೊಡಬೇಕು, ವಿಶ್ವಾಸ ಬೆಳೆದ ಮೇಲೆ ಸ್ವಲ್ಪ ಉದ್ರಿಯೂ ಸಿಗುತ್ತದೆ. ಬಂದ ಸರಕಿನಲ್ಲಿ ದೋಷ ಕಂಡಾಗ ಬದಲಿಸಿ ಕೊಡುವ ವಿಷಯದಲ್ಲಿ ಇವರಷ್ಟು ನೇರವಾಗಿ ನಡೆದುಕೊಂಡವರನ್ನು ನಾನು ಬೇರೆಡೆ ಕಂಡಿಲ್ಲ.

ಕೊರತೆಗಳೂ ಇವೆ. ಬೇಡಿಕೆ ಹೆಚ್ಚಿರುವ ಗೇಮ್ ಬಿಡುಗಡೆಯಾದಾಗ ಹಿಂದಿನ ಖರೀದಿಯ ಪ್ರಮಾಣ ನೋಡಿ ಪ್ರತಿಗಳನ್ನು ಹಂಚುವುದರಿಂದ ಸಣ್ಣ ಅಂಗಡಿಗೆ ಸಿಗುವುದು ಬೆರಳೆಣಿಕೆಯಷ್ಟು. ಒಬ್ಬ ಉಪವಿತರಕರು, ಕನ್ಸೋಲ್ ಸಿಗುವುದೇ ದುಸ್ತರವಾಗಿದ್ದ ದಿನಗಳಲ್ಲಿ, ಮಾರಾಟವಾಗದ ಡಿಸ್ಕುಗಳನ್ನೂ ಜೊತೆಗೆ ತೆಗೆದುಕೊಂಡರೆ ಮಾತ್ರ ಕನ್ಸೋಲ್ ಕೊಡುವುದಾಗಿ ಷರತ್ತು ಹಾಕಿದ್ದರು. ಆ ಡಿಸ್ಕುಗಳ ಬೆಲೆಯನ್ನು ಕನ್ಸೋಲಿನ ಬೆಲೆಗೆ ಸೇರಿಸಿ ನೋಡಿದರೆ ಸಗಟು ದರ ಮುದ್ರಿತ ಬೆಲೆಯನ್ನೇ ಮೀರುತ್ತಿತ್ತು. ಇದಕ್ಕಿಂತ ದೊಡ್ಡ ಅಪಾಯವೆಂದರೆ ದರ ಕುಸಿತ. ಪ್ರತಿ ವರ್ಷ ಸೆಪ್ಟೆಂಬರಿನ ಸುಮಾರಿಗೆ ಹೊಸ ಆವೃತ್ತಿ ಬರುವ ಫುಟ್‌ಬಾಲ್ ಗೇಮನ್ನೇ ತೆಗೆದುಕೊಳ್ಳಿ. 2023ರಿಂದ ಅದು ಫಿಫಾ ಎಂಬ ಹೆಸರನ್ನು ಬಿಟ್ಟು ಇಎ ಸ್ಪೋರ್ಟ್ಸ್ ಎಫ್‌ಸಿ ಎಂದು ಬರುತ್ತಿದೆ. ಮೊದಲ ಕೆಲವು ವಾರಗಳಲ್ಲಿ ಮಾರಾಟವಾಗದೆ ಉಳಿದ ಪ್ರತಿಯ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಬರುತ್ತದೆ, ಮುಂದಿನ ಆವೃತ್ತಿ ಬಂದ ದಿನ ಅದನ್ನು ಕೇಳುವವರೇ ಇರುವುದಿಲ್ಲ. ಆದ್ದರಿಂದ ವಿತರಕರೊಂದಿಗೆ ವ್ಯವಹಾರ ಕುದುರಿಸುವ ಮೊದಲು ಎರಡು ವಿಷಯಗಳನ್ನು ಬರಹದಲ್ಲಿ ಪಡೆದುಕೊಳ್ಳಬೇಕು: ಕಂಪನಿ ಬೆಲೆ ಇಳಿಸಿದಾಗ ನಮ್ಮಲ್ಲಿ ಉಳಿದಿರುವ ಸರಕಿಗೆ ಕ್ರೆಡಿಟ್ ನೋಟ್, ಅಂದರೆ ಇಳಿದ ಮೊತ್ತವನ್ನು ನಮ್ಮ ಲೆಕ್ಕಕ್ಕೆ ಜಮೆ ಮಾಡುವ ಚೀಟಿ, ಕೊಡುತ್ತಾರೆಯೇ, ಮತ್ತು ಮಾರಾಟವಾಗದ ಪ್ರತಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ. ಎರಡನೆಯದಕ್ಕೆ ಇಲ್ಲ ಎಂಬ ಉತ್ತರವೇ ಸಾಮಾನ್ಯ. ಮೊದಲನೆಯದಕ್ಕೂ ಇಲ್ಲ ಎಂದರೆ ಖರೀದಿಯ ಪ್ರಮಾಣವನ್ನು ಕಡಿಮೆ ಮಾಡುವುದೇ ವಿವೇಕ.

ಬಿಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡಿಸ್ಕಿನ ಮೇಲೆ ಶೇಕಡಾ 18ರ ಜಿಎಸ್‌ಟಿ ಇದೆ. ತೆರಿಗೆ ಸೇರಿ 4,400 ರೂಪಾಯಿಗೆ ತಂದ ಡಿಸ್ಕನ್ನು 4,700ಕ್ಕೆ ಮಾರಿದರೆ, ಜಿಎಸ್‌ಟಿ ನೋಂದಾಯಿತ ವ್ಯಾಪಾರಿ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆದು ಉಳಿದದ್ದನ್ನು ಕಟ್ಟಿದ ಬಳಿಕ ಕೈಯಲ್ಲಿ ಸುಮಾರು 254 ರೂಪಾಯಿ ಉಳಿಯುತ್ತದೆ. ಅದೇ ಡಿಸ್ಕನ್ನು ಕಚ್ಚಾ ಬಿಲ್ಲಿನಲ್ಲಿ 4,300ಕ್ಕೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಮೊದಲ ನೋಟಕ್ಕೆ ನೂರು ರೂಪಾಯಿ ಉಳಿತಾಯವಾದಂತೆ ತೋರುತ್ತದೆ. ಆದರೆ ಪಕ್ಕಾ ಬಿಲ್ ಇಲ್ಲದಿದ್ದರೆ ಖರೀದಿಯ ಮೇಲಿನ ತೆರಿಗೆ ನಮ್ಮ ಲೆಕ್ಕಕ್ಕೆ ಜಮೆಯಾಗುವುದಿಲ್ಲ, ಮಾರಾಟದ ಪೂರ್ತಿ ತೆರಿಗೆ ಸುಮಾರು 717 ರೂಪಾಯಿಯನ್ನು ನಾವೇ ಕಟ್ಟಬೇಕಾಗುತ್ತದೆ, ಮಾರಿದ್ದಕ್ಕೆ ನಷ್ಟ ಉಳಿಯುತ್ತದೆ. ವಾರ್ಷಿಕ ವಹಿವಾಟು 40 ಲಕ್ಷದೊಳಗೆ ಇದ್ದು, ಸರಕು ಮಾರಾಟ ಮಾತ್ರ ಮಾಡುತ್ತ, ರಾಜ್ಯದೊಳಗೆ ಮಾರುವವರಿಗೆ ನೋಂದಣಿ ಕಡ್ಡಾಯವಲ್ಲ. ಹಾಗಿರುವವರು ಈ ಲೆಕ್ಕದಿಂದ ಹೊರಗಿರುತ್ತಾರೆ ಎಂಬುದೂ ನಿಜ. ಆದರೆ ನೋಂದಣಿ ಇಲ್ಲದವರಿಗೆ ವಿತರಕರು ಖಾತೆಯನ್ನೇ ತೆರೆಯುವುದಿಲ್ಲ, ಪಕ್ಕದ ರಾಜ್ಯದ ಗಿರಾಕಿಗೆ ಒಂದು ಡಿಸ್ಕನ್ನೂ ಕಳಿಸುವಂತಿಲ್ಲ. ಮತ್ತೊಂದು ಸಂಗತಿಯನ್ನು ಹೊಸಬರು ಮರೆಯುತ್ತಾರೆ: ವ್ಯಾಪಾರಕ್ಕಾಗಿ ಸಾಗಿಸುವ ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಸಾಗಣೆ ಚೀಟಿ, ಬೇಕು, 54,990ರ ಒಂದೇ ಒಂದು ಕನ್ಸೋಲ್ ಆ ಮಿತಿಯನ್ನು ದಾಟಬಲ್ಲದು.

ಎಸ್.ಪಿ. ರಸ್ತೆಯನ್ನು, ಅಂದರೆ ಪುರಭವನದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಸದರ್ ಪತ್ರಪ್ಪ ರಸ್ತೆಯನ್ನು, ಬಿಡಿ ಸಾಮಾನುಗಳಿಗಾಗಿ ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಸಂಜೆ ವಿಪರೀತ ಜನಸಂದಣಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಅಂಗಡಿಯವರಿಗೂ ಮಾತನಾಡಲು ವ್ಯವಧಾನವಿರುತ್ತದೆ. ಒಂದು ಪೀಸಿನ ಬೆಲೆ ಕೇಳಿ ಆಮೇಲೆ ಚೌಕಾಸಿಗೆ ಇಳಿಯುವುದಕ್ಕಿಂತ, ಹತ್ತು ಪೀಸಿಗೆ ಏನು ರೇಟು ಎಂದು ನೇರವಾಗಿ ಕೇಳಿ, ಆ ಹತ್ತರಲ್ಲಿ ಬೇರೆ ಬೇರೆ ಸಾಮಾನುಗಳನ್ನು ಸೇರಿಸಬಹುದೇ ಎಂದು ವಿಚಾರಿಸುವುದು ಫಲಕಾರಿ. ಬಹಳಷ್ಟು ಮಂದಿ ಒಪ್ಪುತ್ತಾರೆ. ಹೆಸರುವಾಸಿ ಕಂಪನಿಯ ಕಂಟ್ರೋಲರಿನ ಮಟ್ಟಿಗೆ ಮಾತ್ರ ಎಚ್ಚರ ಬೇಕು. 5,990 ರೂಪಾಯಿ ಮುದ್ರಿತ ಬೆಲೆಯೊಂದಿಗೆ ಇಲ್ಲಿಗೆ ಬಂದ, ಪಿಎಸ್5ರ ಡ್ಯುಯಲ್‌ಸೆನ್ಸ್ ಕಂಟ್ರೋಲರನ್ನು ಅದರ ಅರ್ಧ ಬೆಲೆಗೆ ಡಜನ್‌ಗಟ್ಟಲೆ ಕೊಡುತ್ತೇನೆ ಎನ್ನುವವರಲ್ಲಿ ಇರುವುದು ನಕಲಿ ಇಲ್ಲವೇ ರಿಪೇರಿ ಮಾಡಿದ ಸರಕು. ಟ್ರಿಗರನ್ನು ಒತ್ತಿ ನೋಡುವುದಷ್ಟೇ ಸಾಲದು, ಕನ್ಸೋಲಿಗೆ ಜೋಡಿಸಿ, ಟ್ರಿಗರ್ ಬಿಗಿಯಾಗುವ ಗೇಮೊಂದನ್ನು ಆಡಿಯೇ ಪರೀಕ್ಷಿಸಬೇಕು.

ಸೀಲ್ ಪೀಸ್ ಕನ್ಸೋಲುಗಳನ್ನು ಇಂತಹ ಪೇಟೆಗಳಲ್ಲಿ ಕೊಳ್ಳುವಾಗ ಪೆಟ್ಟಿಗೆಯನ್ನು ಓದುವುದು ಅತ್ಯಗತ್ಯ. ಒಂದು ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಒಂದರ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಆಮದಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ದೂರು ಸಲ್ಲಿಸುವ ದೂರವಾಣಿ ಸಂಖ್ಯೆ ಇರುವ ಬಿಳಿಯ ಚೀಟಿ ಅಂಟಿಸಲಾಗಿತ್ತು, ಅದರ ಬಳಿ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದ್ದವು. ಇನ್ನೊಂದರ ಮೇಲೆ ಇವಾವುವೂ ಇರಲಿಲ್ಲ, ಒಂದು ಮೂಲೆಯಲ್ಲಿ ಅರಬ್ಬಿ ಅಕ್ಷರಗಳಿದ್ದವು, ಒಳಗಿನ ವೈರಿನ ತುದಿಯಲ್ಲಿ ಚಪ್ಪಟೆಯಾದ ಮೂರು ಕಡ್ಡಿಗಳ ಪ್ಲಗ್ ಇತ್ತು. ಎರಡನೆಯದಕ್ಕೆ ಕೆಲವು ಸಾವಿರ ಕಡಿಮೆ ಹೇಳಿದ ಅಂಗಡಿಯವರು, ನಾನು ಬಿಲ್ ಕೇಳಿದ ಕೂಡಲೇ “ಬಿಲ್ ಬೇಕು ಅಂದ್ರೆ ರೇಟು ಬೇರೆ ಆಗುತ್ತೆ ಸಾರ್” ಎಂದರು. ವಿಡಿಯೋ ಗೇಮ್ ಯಂತ್ರಗಳಿಗೆ 2012ರ ಆದೇಶದ ಬದಲಿಗೆ ಬಂದ 2021ರ ಆದೇಶದ ಪ್ರಕಾರ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಪೊಟ್ಟಣದ ಮೇಲಿನ ವಿವರಗಳು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ಕಡ್ಡಾಯ. ಇವಿಲ್ಲದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಮಾರಲು ಇಡುವುದು ಕಾನೂನಿಗೆ ವಿರುದ್ಧ, ಮನೆಗೆ ಕೊಂಡವರಿಗೂ ಯಂತ್ರ ಕೆಟ್ಟರೆ ಭಾರತದ ವಾರಂಟಿ ಇರುವುದಿಲ್ಲ. ಜೊತೆಗೆ, ಮರುಮಾರಾಟಕ್ಕಾಗಿ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ, ಆದ್ದರಿಂದ ಸಗಟು ಖರೀದಿಯಲ್ಲಿ ಮೋಸಹೋದ ವ್ಯಾಪಾರಿಗೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿರುತ್ತದೆ.

ಹಾಗಾದರೆ ಆಮದು ಸರಕನ್ನು ಪೂರ್ತಿ ತಳ್ಳಿಹಾಕಬೇಕೇ ಎಂದರೆ, ಕೆಲವು ಯಂತ್ರಗಳು ಬೇರೆ ದಾರಿಯಿಂದ ಬರುವುದೇ ಇಲ್ಲ ಎಂಬ ಉತ್ತರವನ್ನೂ ಕೊಡಬೇಕಾಗುತ್ತದೆ. ನಿಂಟೆಂಡೊ ಕಂಪನಿಯ ಸ್ವಿಚ್ ಕನ್ಸೋಲ್ 2017ರಲ್ಲಿ ಬಂದಾಗಲೂ, ಸ್ವಿಚ್ 2 2025ರ ಜೂನ್ 5ರಂದು ಬಂದಾಗಲೂ ಭಾರತದಲ್ಲಿ ಅಧಿಕೃತ ಬಿಡುಗಡೆ ಇರಲಿಲ್ಲ. ಪಿಎಸ್5 ಪ್ರೊ 2024ರ ನವೆಂಬರಿನಲ್ಲಿ ಬಿಡುಗಡೆಯಾದಾಗ, ಅದರ ವೈ-ಫೈ ಬಳಸುವ 6 ಗಿಗಾಹರ್ಟ್ಜ್ ತರಂಗಗಳಿಗೆ ಇಲ್ಲಿ ಆಗ ಅನುಮತಿ ಇಲ್ಲದ ಕಾರಣ ಸೋನಿ ಅದನ್ನು ಭಾರತಕ್ಕೆ ತರಲಿಲ್ಲ. ಇವುಗಳ ಪೈಕಿ ಸ್ವಿಚ್ 2ರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಜಪಾನಿನಲ್ಲಿ ಅದರ ಎರಡು ಮಾದರಿಗಳಿವೆ. 49,980 ಯೆನ್ ಬೆಲೆಯೊಂದಿಗೆ ಬಂದ ಮಾದರಿ ಜಪಾನಿ ಭಾಷೆಯಲ್ಲಿ ಮಾತ್ರ ನಡೆಯುತ್ತದೆ, ಜಪಾನಿನ ಖಾತೆಯನ್ನು ಮಾತ್ರ ಒಪ್ಪುತ್ತದೆ. ಎಲ್ಲ ಭಾಷೆಗಳಿರುವ ಮಾದರಿಗೆ 69,980 ಯೆನ್ ಇಡಲಾಯಿತು. ಯಾರಾದರೂ ಉಳಿದವರಿಗಿಂತ ಬಹಳ ಕಡಿಮೆಗೆ ಸ್ವಿಚ್ 2 ಕೊಡುತ್ತೇನೆ ಎಂದರೆ ಅದು ಮೊದಲನೆಯ ಮಾದರಿಯೇ ಎಂದು ಕೇಳಲೇಬೇಕು. ಅಂತಹ ಯಂತ್ರವನ್ನು ಕನ್ನಡ, ಇಂಗ್ಲಿಷ್ ಓದುವ ಮಗುವಿನ ಕೈಗೆ ಕೊಟ್ಟರೆ ಆ ಮಗು ಏನು ಮಾಡೀತು?

ಆಮದಾದ ಡಿಸ್ಕುಗಳಲ್ಲಿ ತೊಂದರೆ ಇನ್ನೂ ಸೂಕ್ಷ್ಮವಾದುದು. ಪಿಎಸ್4 ಮತ್ತು ಪಿಎಸ್5 ಡಿಸ್ಕುಗಳು ಯಾವ ದೇಶದ ಯಂತ್ರದಲ್ಲಾದರೂ ನಡೆಯುತ್ತವೆ ಎಂಬುದು ನಿಜ, ಆದರೆ ಆ ಗೇಮಿಗೆ ಆಮೇಲೆ ಹಣ ಕೊಟ್ಟು ಪಡೆಯುವ ಹೆಚ್ಚುವರಿ ಭಾಗಗಳು ಡಿಸ್ಕಿನ ಪ್ರದೇಶಕ್ಕೆ ಹೊಂದುವ ಖಾತೆಯಿಂದ ಕೊಂಡರೆ ಮಾತ್ರ ನಡೆಯುತ್ತವೆ. ಭಾರತದಲ್ಲಿ ಅಧಿಕೃತವಾಗಿ ಮಾರುವ ಡಿಸ್ಕುಗಳು ಸಾಮಾನ್ಯವಾಗಿ ಯುರೋಪಿನ ಆವೃತ್ತಿಯವು, ಅವುಗಳ ಮುಖದ ಮೇಲೆ ವಯಸ್ಸನ್ನು ಸೂಚಿಸುವ ಪೆಗಿ ಗುರುತು ಇರುತ್ತದೆ. ಅಮೆರಿಕದ ಡಿಸ್ಕಿನ ಮೇಲೆ ಅದೇ ಬಗೆಯ ಇಎಸ್‌ಆರ್‌ಬಿ ಗುರುತು ಇರುತ್ತದೆ. ಭಾರತದ ಖಾತೆ ಇರುವ ಹುಡುಗನೊಬ್ಬ ಅಮೆರಿಕದ ಡಿಸ್ಕ್ ಕೊಂಡು, ಆಮೇಲೆ ಫುಟ್‌ಬಾಲ್ ಗೇಮಿನೊಳಗೆ ಬಳಸುವ ಪಾಯಿಂಟುಗಳಿಗೆ ಹಣ ಹಾಕಿ, ಅವು ಗೇಮಿನಲ್ಲಿ ಕಾಣಿಸದೆ ನಮ್ಮ ಬಳಿ ಬಂದು ನಿಂತರೆ ಅವನಿಗೆ ಹೇಳಲು ನಮ್ಮಲ್ಲಿ ಉತ್ತರವಿರುವುದಿಲ್ಲ. ಸಗಟು ಕಟ್ಟಿನಲ್ಲಿ ಎರಡೂ ಬಗೆಯ ಡಿಸ್ಕುಗಳನ್ನು ಬೆರೆಸಿ ಕೊಡುವುದು ಅಪರೂಪವಲ್ಲ, ಪ್ರತಿಯೊಂದನ್ನೂ ತಿರುಗಿಸಿ ನೋಡಬೇಕು. ಕೆಲವು ಗೇಮ್‌ಗಳ ಡಿಸ್ಕಿನಲ್ಲಿ ಗೇಮೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. 2022ರ ಕಾಲ್ ಆಫ್ ಡ್ಯೂಟಿ ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ ಮಾತ್ರ, ಉಳಿದದ್ದೆಲ್ಲ ಇಂಟರ್ನೆಟ್ಟಿನಿಂದ ಇಳಿಯಬೇಕಾಗಿತ್ತು. ಹಳ್ಳಿಯ ಗಿರಾಕಿಗೆ ಅಂತಹ ಡಿಸ್ಕನ್ನು ಮಾರುವಾಗ ಇದನ್ನು ಮೊದಲೇ ತಿಳಿಸುವುದು ಅಂಗಡಿಯವರ ಕರ್ತವ್ಯ.

ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಣ ತೆಗೆದುಕೊಂಡು ‘ಹೋಲ್‌ಸೇಲರ್ ಪಟ್ಟಿ’ ಮಾರುವವರ ಸೇವೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಪರಿಚಯದವರೊಬ್ಬರು ಕೊಂಡ ಅಂತಹ ಪಟ್ಟಿಯನ್ನು ನಾನು ಓದಿದ್ದೇನೆ. ಯಾರು ಬೇಕಾದರೂ ಹುಡುಕಿ ಪಡೆಯಬಹುದಾದ ವಿತರಕರ ಹೆಸರುಗಳೂ, ಈಗ ಇಲ್ಲದ ಅಂಗಡಿಗಳೂ ಅದರಲ್ಲಿದ್ದವು. ಕಡಿಮೆ ಬೆಲೆಗೆ ಕನ್ಸೋಲ್ ತೋರಿಸಿ, ಅರ್ಧ ಹಣವನ್ನು ಯುಪಿಐ ಮೂಲಕ ಮುಂಗಡ ಕೇಳುವವರಿಂದ ದೂರವಿರಬೇಕು. ಜಿಎಸ್‌ಟಿ ಸಂಖ್ಯೆ ಕೊಟ್ಟವರದನ್ನು ಸರ್ಕಾರದ ಜಾಲತಾಣದಲ್ಲಿ ನೋಡಿ, ಅಲ್ಲಿರುವ ಹೆಸರೂ ಹಣ ಹಾಕಬೇಕಾದ ಬ್ಯಾಂಕ್ ಖಾತೆಯ ಹೆಸರೂ ಒಂದೇ ಆಗಿದೆಯೇ ಎಂದು ಹೋಲಿಸುವುದಕ್ಕೆ ಐದು ನಿಮಿಷ ಸಾಕು.

ಡಿಜಿಟಲ್ ಕೀಗಳ, ಅಂದರೆ ಡಿಸ್ಕಿಲ್ಲದೆ ಗೇಮ್ ಇಳಿಸಿಕೊಳ್ಳಲು ಬಳಸುವ ಕೋಡುಗಳ, ಸಗಟು ವ್ಯಾಪಾರವೂ ನನ್ನ ಮೆಚ್ಚುಗೆ ಗಳಿಸಿಲ್ಲ. 2015ರ ಜನವರಿಯಲ್ಲಿ ಯೂಬಿಸಾಫ್ಟ್ ಕಂಪನಿಯು, ಕದ್ದ ಕಾರ್ಡುಗಳಿಂದ ಕೊಂಡು ಬೇರೆ ತಾಣಗಳ ಮೂಲಕ ಮಾರಲಾಗಿದ್ದ, ತನ್ನ ಫಾರ್ ಕ್ರೈ 4 ಗೇಮಿನ ಕೀಗಳನ್ನು ರದ್ದುಪಡಿಸಿತು. ಆಗಲೇ ಆಡಲು ಆರಂಭಿಸಿದ್ದವರಿಗೆ ಆಮೇಲೆ ಮರಳಿ ಕೊಟ್ಟಿತಾದರೂ, ಕೀಯ ಮೂಲ ತಿಳಿಯದೆ ಮಾರುವ ಸಣ್ಣ ವ್ಯಾಪಾರಿಯ ಸ್ಥಿತಿ ಎಷ್ಟು ದುರ್ಬಲ ಎಂಬುದನ್ನು ಆ ಪ್ರಸಂಗ ತೋರಿಸುತ್ತದೆ. ಪಿಸಿಯಲ್ಲಿ ಆಡುವವರಿಗೆ 2015ರ ನವೆಂಬರಿನಿಂದ, ಪಿಸಿ ಗೇಮ್‌ಗಳನ್ನು ಮಾರುವ ಸ್ಟೀಮ್ ತಾಣವೇ ರೂಪಾಯಿಯಲ್ಲಿ ದರ ತೋರಿಸುತ್ತಿದೆ, ಅದರ ಕಾಲಕಾಲದ ಮಾರಾಟಗಳಿಗಿಂತ ಕಡಿಮೆಗೆ ಪ್ರಾಮಾಣಿಕ ಸಗಟು ವ್ಯಾಪಾರಿ ಕೊಡುವುದು ಕಷ್ಟ.

ಗಂಟೆಯ ಲೆಕ್ಕದಲ್ಲಿ ಆಡಿಸುವ ಪಾರ್ಲರಿಗಾಗಿ ಕೊಳ್ಳುವವರು ಖರೀದಿಗೆ ಮೊದಲೇ ಪರವಾನಗಿ ಒಪ್ಪಂದವನ್ನು ಓದಿ, ತಿಳಿದವರ ಸಲಹೆ ಪಡೆಯಬೇಕು. ಸಾಮಾನ್ಯ ಡಿಸ್ಕಿನೊಂದಿಗೆ ಬರುವುದು ವೈಯಕ್ತಿಕ ಬಳಕೆಯ ಪರವಾನಗಿ, ಮತ್ತು ಕಂಪ್ಯೂಟರ್ ಪ್ರೋಗ್ರಾಮನ್ನು ವಾಣಿಜ್ಯ ಬಾಡಿಗೆಗೆ ಕೊಡುವ ಹಕ್ಕನ್ನು ನಮ್ಮ ಕೃತಿಸ್ವಾಮ್ಯ ಕಾಯ್ದೆ ಹಕ್ಕುದಾರರಿಗೇ ಮೀಸಲಿಟ್ಟಿದೆ. ಸೇವೆಯ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿಯೂ 40 ಲಕ್ಷವಲ್ಲ, 20 ಲಕ್ಷ.

ಇನ್ನು ಬಳಸಿದ ಡಿಸ್ಕುಗಳು. ಸಣ್ಣ ಬಂಡವಾಳದವರಿಗೆ ಇದಕ್ಕಿಂತ ಒಳ್ಳೆಯ ಸಗಟು ಖರೀದಿ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಬೆಂಗಳೂರಿನಲ್ಲಿ ಆಟ ಬಿಟ್ಟವರು, ಕೆಲಸಕ್ಕಾಗಿ ಹೊರದೇಶಕ್ಕೆ ಹೊರಟವರು ತಮ್ಮ ಸಂಗ್ರಹವನ್ನು ಒಟ್ಟಿಗೆ ಮಾರುವಾಗ ಪ್ರತಿ ಡಿಸ್ಕಿಗೆ ಬೀಳುವ ದರ ಯಾವ ವಿತರಕರ ದರಕ್ಕಿಂತಲೂ ಕಡಿಮೆ. ಪಿಎಸ್4ರ ಡಿಸ್ಕುಗಳು, ಡ್ರೈವ್ ಇರುವ ಪಿಎಸ್5ರಲ್ಲಿಯೂ ನಡೆಯುವುದರಿಂದ ಅವಕ್ಕೆ ಇಂದಿಗೂ ಬೇಡಿಕೆ ಇದೆ. ತೆರಿಗೆಯಲ್ಲಿಯೂ ಅನುಕೂಲವಿದೆ. ಹಳೆಯ ಸರಕಿನ ವ್ಯಾಪಾರಿ ಖರೀದಿಯ ತೆರಿಗೆ ಜಮೆಯನ್ನು ಪಡೆಯದಿದ್ದರೆ, ಕೇಂದ್ರ ಜಿಎಸ್‌ಟಿ ನಿಯಮ 32(5)ರ ಪ್ರಕಾರ ಮಾರಿದ ಮತ್ತು ಕೊಂಡ ಬೆಲೆಗಳ ಅಂತರಕ್ಕೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. 1,200ಕ್ಕೆ ಕೊಂಡು 1,600ಕ್ಕೆ ಮಾರಿದ ಡಿಸ್ಕಿನಲ್ಲಿ ಲೆಕ್ಕಕ್ಕೆ ಬರುವುದು 400 ರೂಪಾಯಿ ಮಾತ್ರ. ಲಾಟಿನಲ್ಲಿ ಹಳೆಯ ವರ್ಷಗಳ ಫುಟ್‌ಬಾಲ್ ಡಿಸ್ಕುಗಳು ಎಷ್ಟಿವೆ ಎಂದು ಮೊದಲು ಎಣಿಸಿ, ಅವುಗಳಿಗೆ ಬೆಲೆಯನ್ನೇ ಕಟ್ಟದೆ ಉಳಿದವಕ್ಕೆ ಮಾತ್ರ ದರ ಹೇಳಬೇಕು. ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಮೇಲ್ಮೈಯ ಕೂದಲೆಳೆಯಂತಹ ಗೀರುಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ನಡುವಿನ ರಂಧ್ರದ ಅಂಚಿನಿಂದ ಹೊರಟ ಬಿರುಕು ಎಷ್ಟೇ ಚಿಕ್ಕದಿದ್ದರೂ ಆ ಡಿಸ್ಕನ್ನು ಬಿಡಬೇಕು. ಗೇಮ್ ತೆರೆದುಕೊಂಡರೆ ಸಾಲದು, ಇನ್‌ಸ್ಟಾಲ್ ಕೊನೆಯವರೆಗೂ ಆಗುತ್ತದೆಯೇ ಎಂದು ನೋಡಬೇಕು, ಏಕೆಂದರೆ ಓದಲಾಗದ ಜಾಗ ಹಲವು ಬಾರಿ ಕೊನೆಯ ಭಾಗದಲ್ಲೇ ಸಿಗುತ್ತದೆ. ಪೆಟ್ಟಿಗೆಯ ಒಳಗಿನ ಕೋಡ್ ಆಗಲೇ ಬಳಕೆಯಾಗಿರುತ್ತದೆ ಎಂಬುದನ್ನು ಗಿರಾಕಿಗೆ ಹೇಳಿಯೇ ಮಾರಬೇಕು. ಮಾರುವವರಿಂದ ಅವರ ಹೆಸರು, ಸಹಿ ಮತ್ತು ಪ್ರತಿ ಡಿಸ್ಕಿಗೆ ಕೊಟ್ಟ ಬೆಲೆ ಇರುವ ಚೀಟಿಯನ್ನು ಪಡೆದಿಟ್ಟುಕೊಂಡರೆ ತೆರಿಗೆಯ ಲೆಕ್ಕಕ್ಕೂ, ಕದ್ದ ಮಾಲು ಎಂಬ ಅನುಮಾನ ಬಂದಾಗಲೂ ಅದೇ ಆಧಾರ. ನಮ್ಮ ಅಂಗಡಿಯ ಬಂಡವಾಳದ ಹೆಚ್ಚಿನ ಪಾಲು ಈಗ ಇಂತಹ ಡಿಸ್ಕುಗಳಲ್ಲಿಯೇ ಇದೆ, ಹೊಸ ಕನ್ಸೋಲ್ ಕೇಳಿ ಬಂದವರಿಗೆ ಮುಂಗಡ ಪಡೆದು ವಿತರಕರಿಂದ ಪಕ್ಕಾ ಬಿಲ್ಲಿನೊಂದಿಗೆ ತರಿಸಿಕೊಡುತ್ತೇವೆ.